ಆಟದ ಬಳಗಕ್ಕೂ ಒಂದು ದುಃಖವಿದೆ

ನಮಗೆ ಪರಿಚಯದ ಮನೆಯೊಂದರಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೊಬೈಲಿನಲ್ಲಿ ದಿನವೂ ಅವನ ಜೊತೆ ಆಡುತ್ತಿದ್ದ ತಂಡದ ಗೆಳೆಯನೊಬ್ಬ ತೀರಿಕೊಂಡಿದ್ದ. ಆ ಗೆಳೆಯನ ಊರು ಉತ್ತರ ಭಾರತದಲ್ಲೆಲ್ಲೋ ಇತ್ತು. ಇವನು ಅವನ ಮುಖ ಕಂಡವನಲ್ಲ, ದನಿ ಮಾತ್ರ ಕೇಳಿದವನು. ‘ಮುಖ ಕಾಣದವನಿಗೆ ಅಳುವುದುಂಟಾ?’ ಎಂದು ಮನೆಯ ಹಿರಿಯರು ಗದರಿದರು. ನಾವೂ ಅಲ್ಲೇ ಕುಳಿತು ನಕ್ಕೆವು. ಆದರೆ ಮನೆಗೆ ಮರಳಿದ ಮೇಲೆ ಆ ನಗು ನಮಗೇ ಸರಿಕಾಣಲಿಲ್ಲ. ಹಿರಿಯರ ಪ್ರಶ್ನೆಗೆ ನಮ್ಮೂರಿನ ಚರಿತ್ರೆಯೇ ಬೇರೊಂದು ಉತ್ತರ ಕೊಟ್ಟಿತ್ತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ‘ಆಟ’ ಎಂದರೆ ಯಕ್ಷಗಾನ. ‘ಇವತ್ತ್ ಆಟ ಎಲ್ಲಿ ಮಾರಾಯ್ರೆ?’ ಎಂದು ಯಾರಾದರೂ ಕೇಳಿದರೆ ಅದು ಕ್ರಿಕೆಟ್ಟಿನ ವಿಚಾರವಲ್ಲ. ಮಂದಾರ್ತಿ, ಮಾರಣಕಟ್ಟೆಯ ಮೇಳಗಳು ಹರಕೆಯ ಆಟ ಆಡುತ್ತವೆ. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಡೇರೆ ಕಟ್ಟಿ, ಟಿಕೇಟು ಮಾರಿ ಆಡಿದವು. ರಾತ್ರಿಯಿಡೀ ಆಡಿ, ಬೆಳಿಗ್ಗೆ ಡೇರೆ ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರಿಗೆ ಹೋಗುವುದೇ ಅವುಗಳ ತಿರುಗಾಟ. ಡೇರೆಯೊಳಗೆ ಕುಳಿತವರು ಒಂದೇ ಜಾತಿಯವರಲ್ಲ, ಒಂದೇ ಮನೆಮಾತಿನವರೂ ಅಲ್ಲ. ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ ಆಡುವ ನಮ್ಮವರೂ ಅಲ್ಲಿದ್ದರು. ಆಟ ಮುಗಿದರೆ ಅವರವರ ದಾರಿ ಅವರವರಿಗೆ. ಆದರೂ ಅದೊಂದು ಬಳಗ.

ಆ ಬಳಗಕ್ಕೆ 1990ರ ಮೇ ತಿಂಗಳಲ್ಲಿ ದೊಡ್ಡ ಆಘಾತವಾಯಿತು. ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1958ರಲ್ಲಿ ಹುಟ್ಟಿದ ಅವರಿಗೆ ಇನ್ನೂ 32 ತುಂಬಿರಲಿಲ್ಲ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ನಾರಣಪ್ಪ ಉಪ್ಪೂರರಲ್ಲಿ ಕಲಿತ ಮಗ, ಸಾಲಿಗ್ರಾಮ ಮೇಳದಲ್ಲಿ ಹಾಡಿ ಹೆಸರಾದರು. ಜನ ಅವರನ್ನು ಕರಾವಳಿಯ ಕೋಗಿಲೆ ಎಂದು ಕರೆದರು. ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ ಅವರು ಬರೆದ ಪ್ರಸಂಗಗಳು. ಹೊಸ ರಾಗ, ಹೊಸ ಕಥೆ ತಂದು ಪರಂಪರೆ ಕೆಡಿಸಿದರೆಂದು ಆಕ್ಷೇಪಿಸಿದವರಿದ್ದರು. ಅದೇ ಕಾರಣಕ್ಕೆ ಡೇರೆಗೆ ನುಗ್ಗಿದ ಯುವಕರೂ ಇದ್ದರು.

ಯಕ್ಷಗಾನ ನೋಡದವರಿಗೆ ಒಂದು ಮಾತು ಹೇಳಬೇಕು. ಭಾಗವತ ವೇಷ ಕಟ್ಟುವುದಿಲ್ಲ. ತಾಳ ಹಿಡಿದು ಕುಳಿತು ಹಾಡುತ್ತಾನೆ. ಅವನು ಪದ್ಯ ಎತ್ತಿದರೆ ವೇಷಧಾರಿ ಕುಣಿಯುತ್ತಾನೆ, ಪದ್ಯ ಮುಗಿಸಿದರೆ ಅರ್ಥ ಹೇಳುತ್ತಾನೆ. ಆಟವನ್ನು ನಡೆಸುವವನು ಅವನೇ. ಆದರೆ ದೂರದಲ್ಲಿದ್ದವರಿಗೆ ಅವನು ಬರೀ ದನಿ.

ನಮ್ಮ ತಾಯಿಗೆ ನಾವಡರು ಹಾಗೆ ಬರೀ ದನಿಯಾಗಿದ್ದರು. ರಾತ್ರಿಯ ಆಟಕ್ಕೆ ಹೋಗುವ ರೂಢಿ ನಮ್ಮ ಮನೆಯ ಹೆಂಗಸರಿಗೆ ಇರಲಿಲ್ಲ. ಗದ್ದೆಯಾಚೆಯಿಂದ ಮೈಕಿನಲ್ಲಿ ತೇಲಿಬರುವ ಪದ, ಪಕ್ಕದ ಹೋಟೆಲಿನ ಟೇಪ್ ರೆಕಾರ್ಡರಿನಲ್ಲಿ ತಿರುಗುವ ಕ್ಯಾಸೆಟ್ಟು, ಇಷ್ಟೇ ಅವರಿಗೆ ಸಿಕ್ಕಿದ್ದು. ಸುದ್ದಿ ಬಂದ ದಿನ ನಾವಿನ್ನೂ ಶಾಲೆಯ ಹುಡುಗರು. ತಾಯಿ ಕೈಕೆಲಸ ಬಿಟ್ಟು ಬಾಗಿಲ ಬಳಿ ಕುಳಿತರು. ‘ಇಷ್ಟು ಸಣ್ಣ ಪ್ರಾಯದಲ್ಲಾ! ಮನೆಯವರು ಹೇಗೆ ತಡೆದುಕೊಳ್ಳುತ್ತಾರೋ’ ಎಂದಷ್ಟೇ ಹೇಳಿದರು. ಮುಖ ಕಾಣದವನಿಗೆ ಮರುಗುವುದುಂಟಾ ಎಂದು ಅವರನ್ನು ಯಾರೂ ಕೇಳಲಿಲ್ಲ.

ಜಗತ್ತಿನ ಇನ್ನೊಂದು ಮೂಲೆಯಲ್ಲೂ ಇಂಥದೇ ಒಂದು ಸಂಗತಿ ನಡೆದಿದೆ. ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿಗೆ ಸ್ನಾಯುಗಳು ಕ್ಷೀಣಿಸುವ ಡ್ಯೂಶೆನ್ ಎಂಬ ಕಾಯಿಲೆಯಿತ್ತು. ಗಾಲಿಕುರ್ಚಿಯಲ್ಲಿದ್ದ ಅವನು ವರ್ಷಗಟ್ಟಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟ ಆಡಿದ. ಅಲ್ಲಿ ಅವನ ಹೆಸರು ಇಬೆಲಿನ್. 2014ರ ನವೆಂಬರಿನಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಒಂಟಿಯಾಗಿಯೇ ಬದುಕಿ ಹೋದನೆಂದು ತಂದೆತಾಯಿ ಕೊರಗುತ್ತಿದ್ದರು. ಸಾವಿನ ಸುದ್ದಿಯನ್ನು ತಂದೆ ಅಂತರ್ಜಾಲದಲ್ಲಿ ತಿಳಿಸಿದ ಮೇಲೆ ಒಂದರ ಹಿಂದೆ ಒಂದು ಪತ್ರ ಬಂದವು. ಮಗ ಎಷ್ಟೋ ಜನರ ಕಷ್ಟ ಕೇಳಿದ್ದ, ಸಮಾಧಾನ ಹೇಳಿದ್ದ. ಆಟದ ಬಳಗದ ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೆ ಬಂದರು. 2024ರಲ್ಲಿ ಅವನ ಕುರಿತ ಸಾಕ್ಷ್ಯಚಿತ್ರ ಜಗತ್ತಿನಾದ್ಯಂತ ಜನರ ಕಣ್ಣು ತೇವಗೊಳಿಸಿತು. ತಮ್ಮ ಮಗ ಯಾರೆಂದು ಹೆತ್ತವರಿಗೆ ತಿಳಿಸಿದ್ದು ಅವನ ಮುಖ ಕಾಣದ ಗೆಳೆಯರು.

ಹಾಗೆಂದು ತಂತ್ರಜ್ಞಾನ ಬಂದಾಗಲೆಲ್ಲ ಅನುಕಂಪವೂ ಜೊತೆಗೇ ಬರುತ್ತದೆ ಎನ್ನಲಾಗದು. 2019ರ ಮಾರ್ಚಿನಲ್ಲಿ ಬೈಂದೂರು ಸಮೀಪದ ಯಳಜಿತದಲ್ಲಿ ಹುಡಗೋಡು ಚಂದ್ರಹಾಸರು ವೇಷದಲ್ಲಿದ್ದಾಗಲೇ ರಂಗಸ್ಥಳದಲ್ಲಿ ಕುಸಿದು ಪ್ರಾಣಬಿಟ್ಟರು. ಆ ಕ್ಷಣದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕಳಿಸಿದವರಲ್ಲಿ ನಿಜವಾಗಿ ನೊಂದವರೂ ಇದ್ದರು. ಆದರೆ ಒಬ್ಬನ ಕೊನೆಯುಸಿರನ್ನು ಮತ್ತೆ ಮತ್ತೆ ನೋಡುವುದು ಶೋಕವೇ? ಅವರು ವರ್ಷಗಟ್ಟಲೆ ಕುಣಿದ ರಾತ್ರಿಗಳು ಮರೆತು, ಕುಸಿದ ಒಂದು ಗಳಿಗೆ ಮಾತ್ರ ಉಳಿದರೆ ಅದು ಕಲಾವಿದನಿಗೆ ಮಾಡಿದ ಅನ್ಯಾಯ. ಅವರ ಮನೆಯವರ ಮೊಬೈಲಿಗೂ ಆ ದೃಶ್ಯ ಬರಬಹುದೆಂದು ಕಳಿಸುವ ಮುನ್ನ ನಾವು ಯೋಚಿಸಿದೆವೆ?

ಮೇಳಗಳಿಗೆ ಶೋಕದ ಬೇರೊಂದು ರೀತಿ ಗೊತ್ತು. ಭಾಗವತ ಹೋದರೂ ಮುಂದಿನ ತಿರುಗಾಟ ನಿಲ್ಲುವುದಿಲ್ಲ. ತಾಳ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ಪದ್ಯ ಎತ್ತಿದಾಗ ಸಭೆಯಲ್ಲಿ ಯಾರೋ ಹಿರಿಯರು ‘ಇದು ನಾವಡರ ಧಾಟಿ’ ಎಂದು ಪಕ್ಕದವನಿಗೆ ಹೇಳುತ್ತಾರೆ. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿದ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಿನಲ್ಲಿ ತೀರಿಕೊಂಡಾಗಲೂ ಹಾಗೆಯೇ ಆಯಿತು. ಜನ ಅವರ ಪದ್ಯಗಳನ್ನು ಮತ್ತೆ ಹಾಕಿಕೊಂಡು ಕೇಳಿದರು. ನಾವಡರು ಹೋಗಿ ಮೂರು ದಶಕ ಮೀರಿದ ಮೇಲೂ ಅವರ ಪದ್ಯಗಳಿಗೆ ಕಿವಿಗೊಡುವವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ನಾವಡರು ಹೋದ ಮೇಲೆ ಹುಟ್ಟಿದವರು.

ವಾರದ ನಂತರ ನಾವು ಮತ್ತೆ ಆ ಹುಡುಗನ ಮನೆಗೆ ಹೋದೆವು. ಮೊಬೈಲ್ ಆಟದ ಚಟದ ಬಗ್ಗೆ ಹೇಳಬೇಕಾದ್ದು ಬಹಳವಿದೆ, ಅದನ್ನು ಇನ್ನೊಂದು ದಿನ ಹೇಳಬಹುದು. ಅವತ್ತು ಅವನ ಪಕ್ಕ ಕುಳಿತು, ‘ನಿನ್ನ ಗೆಳೆಯ ಹೇಗೆ ಆಡುತ್ತಿದ್ದ?’ ಎಂದಷ್ಟೇ ಕೇಳಿದೆವು. ಹುಡುಗ ತಲೆ ಎತ್ತಿ ನೋಡಿದ. ತಂಡದವರು ಸೋತು ಸಿಟ್ಟಾದಾಗ ಆ ಗೆಳೆಯ ಏನೋ ತಮಾಷೆ ಹೇಳಿ ನಗಿಸುತ್ತಿದ್ದನಂತೆ. ಪರೀಕ್ಷೆಯ ದಿನಗಳಲ್ಲಿ ‘ಸಾಕು, ಹೋಗಿ ಓದಿಕೋ’ ಎಂದು ಇವನನ್ನು ಆಟದಿಂದ ಎಬ್ಬಿಸುತ್ತಿದ್ದನಂತೆ. ಹುಡುಗ ಬಹಳ ಹೊತ್ತು ಮಾತನಾಡಿದ. ಮೊದಲು ಗದರಿದ್ದ ಹಿರಿಯರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.