ಸಂಜೆಯ ದೀಪ, ಒಳಗಿನ ಆನಂದ: ಪಂಚಕ್ಷೇತ್ರಗಳ ನಾಡಿನ ನಿತ್ಯಭಕ್ತಿ

ಕೈಲಾಸದಲ್ಲಿ ಆತ್ಮಲಿಂಗವನ್ನು ಪಡೆದ ರಾವಣ ಲಂಕೆಯತ್ತ ಹೊರಟಿದ್ದಾನೆ. ನೆಲಕ್ಕಿಟ್ಟರೆ ಲಿಂಗ ಅಲ್ಲಿಯೇ ನೆಲೆಗೊಳ್ಳುವುದೆಂಬ ಎಚ್ಚರಿಕೆ ಅವನಿಗಿದೆ. ಗೋಕರ್ಣದ ಸಮೀಪ ವಿಷ್ಣುವಿನ ಚಕ್ರ ಸೂರ್ಯನನ್ನು ಮರೆಮಾಡುತ್ತದೆ. ಸಂಜೆಯಾಯಿತೆಂದು ಭ್ರಮಿಸಿದ ರಾವಣ, ಲಿಂಗವನ್ನು ವಟುವೇಷದ ಗಣಪತಿಯ ಕೈಗಿತ್ತು ಸಂಧ್ಯಾವಂದನೆಗೆಂದು ಕಡಲಿಗಿಳಿಯುತ್ತಾನೆ. ಮುಂದಿನದು ಎಲ್ಲರೂ ಬಲ್ಲ ಕಥೆ. ಈ ಐತಿಹ್ಯವನ್ನು ಗಣಪತಿಯ ಜಾಣ್ಮೆಗಾಗಿ ಹೇಳುವುದೇ ವಾಡಿಕೆ. ಅದರಲ್ಲಿನ ಇನ್ನೊಂದು ಸಂಗತಿ ಅಷ್ಟಾಗಿ ಗಮನ ಸೆಳೆಯುವುದಿಲ್ಲ. ಅತಿ ದೊಡ್ಡ ವರವೇ ಕೈಯಲ್ಲಿದ್ದರೂ ಆ ಸಂಜೆಯ ನಿತ್ಯಕರ್ಮವನ್ನು ಬಿಡಲು ರಾವಣನಿಂದಾಗಲಿಲ್ಲ.

ನೆಲಕ್ಕೂರಿದ ಲಿಂಗವನ್ನು ಕೀಳಲಾಗದೆ ಕ್ರುದ್ಧನಾದ ಅವನು ಅದರ ಪೆಟ್ಟಿಗೆ, ಮುಚ್ಚಳ, ದಾರ ಹಾಗೂ ವಸ್ತ್ರವನ್ನು ದಿಕ್ಕು ದಿಕ್ಕಿಗೆ ಎಸೆದನೆಂದೂ, ಅವು ಬಿದ್ದೆಡೆಯಲ್ಲೆಲ್ಲ ಶಿವಕ್ಷೇತ್ರಗಳಾದವೆಂದೂ ಪ್ರತೀತಿ. ಹೀಗೆ ಉತ್ತರ ಕನ್ನಡದ ಪಂಚಕ್ಷೇತ್ರಗಳಲ್ಲಿ ಕಾರವಾರದ ಬಳಿಯ ಶೇಜ್ಜೇಶ್ವರವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಮೂರು ನೆರೆಯ ತಾಲ್ಲೂಕುಗಳಲ್ಲಿವೆ: ಕುಮಟಾದ ಗೋಕರ್ಣ ಮತ್ತು ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರುಡೇಶ್ವರ.

ಭಕ್ತಿಯಿಂದ ದೊರೆಯುವ ಆನಂದವನ್ನು ಶಾಸ್ತ್ರಗಳು ಸುಖದಿಂದ ಬೇರ್ಪಡಿಸಿ ನೋಡಿವೆ. ಸುಖಕ್ಕೆ ಹೊರಗಿನ ವಸ್ತುವೊಂದು ಬೇಕು. ಆ ವಸ್ತು ಹೋದರೆ ಸುಖವೂ ಹೋಗುತ್ತದೆ. ತೈತ್ತಿರೀಯ ಉಪನಿಷತ್ತಿನ ಆನಂದವಲ್ಲಿಯು ಆನಂದವನ್ನು ಮನುಷ್ಯನ ಒಳಗಿನ ಕೋಶವೆಂದೇ ಗಣಿಸಿದೆ. ಭಾಗವತದ ಪ್ರಹ್ಲಾದ ಹೇಳುವ ಶ್ರವಣ, ಕೀರ್ತನ, ಸ್ಮರಣ ಮೊದಲಾದ ಒಂಬತ್ತು ಬಗೆಯ ಭಕ್ತಿಯಲ್ಲಿ ಹೆಚ್ಚಿನವಕ್ಕೆ ಹಣವೂ ಬೇಡ, ಪಯಣವೂ ಬೇಡ.

ಕರಾವಳಿಯ ಮನೆಗಳಲ್ಲಿ ಇದು ಮುಸ್ಸಂಜೆಯ ರೂಢಿಯಾಗಿ ಬೆಳೆದುಬಂದಿದೆ. ಅಂಗಳದ ತುಳಸಿಕಟ್ಟೆಗೆ ದೀಪ, ಬಳಿಕ ದೇವರ ಮುಂದೆ ಚಾಪೆ ಹಾಸಿ ಮಕ್ಕಳ ಭಜನೆ, ಅದರ ಬೆನ್ನಿಗೇ ಬಾಯಿಪಾಠ ಮತ್ತು ಮಗ್ಗಿ. ದೇವರ ನಾಮಕ್ಕೂ ಹದಿಮೂರರ ಮಗ್ಗಿಗೂ ಒಂದೇ ರಾಗ ಹಿಡಿಯುತ್ತಿದ್ದ ದಿನಗಳನ್ನು ಈ ಭಾಗದ ಹಿರಿಯರು ಮರೆತಿರಲಾರರು. ಇಡೀ ದಿನ ಚದುರಿಹೋಗಿದ್ದ ಮನೆ ಅರ್ಧ ತಾಸು ಒಂದೆಡೆ ಕೂಡುತ್ತಿದ್ದ ಆ ಹೊತ್ತಿಗೆ ಇಂದು ದೂರದರ್ಶನ, ಮೊಬೈಲ್ ಹಾಗೂ ಟ್ಯೂಷನ್‌ಗಳ ಪೈಪೋಟಿ ಇದೆ. ಮಕ್ಕಳು ಬೆಂಗಳೂರು, ಮುಂಬಯಿ ಸೇರಿದ ಮನೆಗಳಲ್ಲಿ ದೀಪ ಹಚ್ಚಲು ವೃದ್ಧ ದಂಪತಿಗಳಷ್ಟೇ ಉಳಿದಿದ್ದಾರೆ.

ಭಕ್ತಿ ಇಲ್ಲಿ ಕೈಕೆಲಸವೂ ಹೌದು. ಭಾದ್ರಪದದ ಚೌತಿಗೆ ಮನೆಯ ಗಣಪತಿಯ ಮೇಲ್ಗಡೆ ಕಟ್ಟುವ ಫಲಾವಳಿಯನ್ನೇ ನೋಡಬಹುದು. ತೆಂಗಿನಕಾಯಿ, ಅಡಿಕೆ ಗೊನೆ, ಮಾವಿನೆಲೆ, ತೋಟದ ತರಕಾರಿಗಳ ಜತೆಗೆ ಕಾಡಿನ ಕಾಯಿ, ಹೂಗಳೂ ಅದರಲ್ಲಿ ತೂಗಬೇಕು. ಯಾವ ಕಾಯಿ ಯಾವ ಬೇಣದಲ್ಲಿ ಸಿಗುತ್ತದೆಂದು ಬಲ್ಲ ಹಿರಿಯರು ಮುಂದೆ, ಚೀಲ ಹಿಡಿದ ಮಕ್ಕಳು ಹಿಂದೆ. ಪೂಜೆ ಆರಂಭವಾಗುವ ಮೊದಲೇ ಹಬ್ಬದ ಅರ್ಧ ಸಂತೋಷ ಆ ಹುಡುಕಾಟದಲ್ಲಿ ಮುಗಿದಿರುತ್ತದೆ. ಕಾರ್ತಿಕದ ತುಳಸಿಹಬ್ಬಕ್ಕೆ ನೆಲ್ಲಿಯ ಟೊಂಗೆ ತರುವುದೂ, ಭಟ್ಕಳ ಮಲ್ಲಿಗೆಯನ್ನು ಮಾಲೆ ಕಟ್ಟುವುದೂ ಇದೇ ಸಾಲಿನವು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಹೂ ಕೊಯ್ಯುವುದು, ದೇವರ ಪಾತ್ರೆ ಬೆಳಗುವುದು, ಮಡಿಯಲ್ಲಿ ನೈವೇದ್ಯ ಬೇಯಿಸುವುದು ಬಹುತೇಕ ಮನೆಗಳಲ್ಲಿ ಹೆಂಗಸರ ಪಾಲಿನ ಕೆಲಸವಾಗಿಯೇ ಉಳಿದಿವೆ. ಮಂಗಳಾರತಿಯ ಗಂಟೆಗೆ ಬಂದು ನಿಲ್ಲುವವರಿಗೆ ಪೂಜೆ ಆನಂದ. ನಸುಕಿನಿಂದ ಒಲೆಯ ಮುಂದಿದ್ದವರಿಗೆ ಅದು ದಣಿವು. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಕೇಳುವುದು ಎಲೆ, ಹೂವು, ಹಣ್ಣು, ನೀರನ್ನು ಮಾತ್ರ. ಹದಿನಾರು ಬಗೆಯ ಭಕ್ಷ್ಯವನ್ನಲ್ಲ.

ಕಡಲನ್ನೇ ನಂಬಿದವರ ಭಕ್ತಿಗೆ ಬೇರೆಯೇ ತೀವ್ರತೆ ಇದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧ. ಮಳೆಗಾಲದ ಆ ಬಿಡುವು ಕಳೆದು ನೂಲಹುಣ್ಣಿಮೆಯ ಸುಮಾರಿಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿ ಪೂಜಿಸುವುದು ಮೀನುಗಾರ ಸಮುದಾಯಗಳ ಸಂಪ್ರದಾಯ. ಹೋದವರು ಮರಳುವರೆಂಬ ಖಾತರಿ ಇಲ್ಲದ ವೃತ್ತಿಯಲ್ಲಿ ಧೈರ್ಯವೇ ಆನಂದದ ಮೊದಲ ರೂಪವೆನ್ನಬೇಕು.

ಹೊನ್ನಾವರ ತಾಲ್ಲೂಕಿನಲ್ಲಿ ಭಕ್ತಿ ಮತ್ತು ಕಲೆಯನ್ನು ಬೇರ್ಪಡಿಸುವುದು ಕಷ್ಟ. ಇಡಗುಂಜಿಯಲ್ಲಿ ನಿಂತಿರುವ ದ್ವಿಭುಜ ಗಣಪತಿಯ ಹೆಸರಿನಲ್ಲಿಯೇ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮಂಡಳಿ ಕಟ್ಟಿದರು. ಅದರ ನೆಲೆ ಪಂಚಕ್ಷೇತ್ರಗಳಲ್ಲೊಂದಾದ ಗುಣವಂತೆ. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆಯೇ ಆಟ ರಂಗಕ್ಕೆ ಬರುತ್ತದೆ. ಶಿವರಾಮ ಹೆಗಡೆಯವರ ಪುತ್ರ ಶಂಭು ಹೆಗಡೆ 2009ರ ಫೆಬ್ರವರಿ 3ರಂದು ಇಡಗುಂಜಿಯಲ್ಲಿಯೇ, ಪ್ರದರ್ಶನದ ವೇಳೆ ಅಸ್ವಸ್ಥರಾಗಿ ನಿಧನರಾದರು. ಆಟವನ್ನು ಸೇವೆಯೆಂದು ಕರೆಯುವ ಈ ನಾಡು ಆ ಸಾವನ್ನು ಇಂದಿಗೂ ತಗ್ಗಿದ ದನಿಯಲ್ಲಿ ನೆನೆಯುತ್ತದೆ.

ಪ್ರವಾಸಿಗರಿಗೆ ಪರಿಚಿತವಾದ ಭಕ್ತಿಯ ಮುಖ ಮುರುಡೇಶ್ವರದ್ದು. 123 ಅಡಿಯ ಶಿವನ ವಿಗ್ರಹ, 2008ರಲ್ಲಿ ಪೂರ್ಣಗೊಂಡ 20 ಅಂತಸ್ತಿನ ರಾಜಗೋಪುರ, ಅದರೊಳಗಿನ ಲಿಫ್ಟ್ ಸಾವಿರಾರು ಜನರನ್ನು ಸೆಳೆಯುತ್ತವೆ. ಭಾವಚಿತ್ರ ತೆಗೆಯುವ ಧಾವಂತದಲ್ಲಿ ಗರ್ಭಗುಡಿಯ ಮುಂದೆ ಎರಡು ನಿಮಿಷ ನಿಲ್ಲಲೂ ಮರೆಯುವವರು ಕಡಿಮೆಯಿಲ್ಲ. ನೆಮ್ಮದಿಯನ್ನು ಅರಸಿ ಬರುವವರು ಭಟ್ಕಳದ ಪೇಟೆಯೊಳಗಿನ, 16ನೇ ಶತಮಾನದ ಖೇತಪಯ್ಯ ನಾರಾಯಣ ದೇವಾಲಯಕ್ಕೂ ಹೋಗಬಹುದು. ಗೋಡೆಯ ರಾಮಾಯಣದ ಶಿಲ್ಪಗಳನ್ನು ನೋಡುತ್ತ ಒಂದು ಸುತ್ತು ಬಂದರೆ ಪ್ರದಕ್ಷಿಣೆಯೂ ಆಯಿತು, ಕಥಾಶ್ರವಣವೂ ಆಯಿತು.

ಮೂರೂ ತಾಲ್ಲೂಕುಗಳು ರಾಷ್ಟ್ರೀಯ ಹೆದ್ದಾರಿ 66 ಹಾಗೂ ಕೊಂಕಣ ರೈಲ್ವೆಯ ಹಾದಿಯಲ್ಲಿವೆ. ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರುಡೇಶ್ವರ ಮತ್ತು ಭಟ್ಕಳದಲ್ಲಿ ನಿಲ್ದಾಣಗಳಿವೆ. ಧಾರೇಶ್ವರ, ಗುಣವಂತೆಗಳಲ್ಲಿ ದಟ್ಟಣೆ ಕಡಿಮೆ; ಸೂರ್ಯಾಸ್ತಕ್ಕೆ ಅರ್ಧ ತಾಸು ಮೊದಲೇ ತಲುಪುವುದು ಒಳಿತು.