ವಾಕ್ ಮತ್ತು ಶ್ರವಣ ದೋಷಗಳ ನರಮೂಲ

ಒಳಕಿವಿಯಿಂದ ಮಿದುಳಿನ ತೊಗಟೆಯವರೆಗೆ, ಅಲ್ಲಿಂದ ಮರಳಿ ನಾಲಗೆ, ತುಟಿ, ಧ್ವನಿಪೆಟ್ಟಿಗೆಯ ಸ್ನಾಯುಗಳವರೆಗೆ ಹಬ್ಬಿರುವ ನರಜಾಲದಲ್ಲಿ ಎಲ್ಲಾದರೂ ಹಾನಿಯಾದಾಗ ಅಥವಾ ಅದರ ಬೆಳವಣಿಗೆ ಕುಂಠಿತವಾದಾಗ ಕೇಳುವ, ಗ್ರಹಿಸುವ, ಮಾತನಾಡುವ ಶಕ್ತಿಗೆ ಒದಗುವ ತೊಂದರೆಗಳು. ನರಮೂಲದ ಕಿವುಡು, ಆಡಿಟರಿ ನ್ಯೂರೋಪತಿ, ಅಫೇಸಿಯಾ, ಡಿಸಾರ್ಥ್ರಿಯಾ, ಅಪ್ರಾಕ್ಸಿಯಾ, ಉಗ್ಗು ಇವುಗಳಲ್ಲಿ ಮುಖ್ಯವಾದವು. ಸೀಳುತುಟಿ, ಕಿವಿ ಸೋರುವುದು, ಕಿವಿತಮಟೆಯ ತೂತು ಮೊದಲಾದ ರಚನೆಯ ಅಥವಾ ಸೋಂಕಿನ ತೊಂದರೆಗಳು ಈ ಗುಂಪಿಗೆ ಸೇರುವುದಿಲ್ಲ.

ಮಗುವಿಗೆ ಮಾತು ಬರುವುದು ತಡವಾದರೆ ನಾಲಗೆ ದಪ್ಪವೆಂದು ಬಜೆ ತೇಯ್ದು ಹಚ್ಚುವುದು, ಲಕ್ವ ಹೊಡೆದು ಹಿರಿಯರ ಮಾತು ನಿಂತರೆ ಬುದ್ಧಿಯೂ ಹೋಯಿತೆಂದು ಭಾವಿಸುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಎರಡರಲ್ಲೂ ತಪ್ಪುತ್ತಿರುವುದು ಸ್ಥಳದ ಗುರುತು. ಮಾತು ಬಾರದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಲಕ್ವ ಹೊಡೆದವರಲ್ಲಿ ಯೋಚನೆ ಉಳಿದು, ಅದನ್ನು ಮಾತಿಗೆ ಇಳಿಸುವ ಭಾಗವೊಂದೇ ಕೆಟ್ಟಿರಬಹುದು. ಹಾನಿ ನರಜಾಲದ ಯಾವ ಘಟ್ಟದಲ್ಲಿದೆ ಎಂಬುದರ ಮೇಲೆ ದೋಷದ ಸ್ವರೂಪ, ಚಿಕಿತ್ಸೆ, ಚೇತರಿಕೆ ಮೂರೂ ನಿಂತಿವೆ.

ಶ್ರವಣದ ಹಾದಿ

ಶಂಖದ ಸುರುಳಿಯಂತಿರುವ ಕಾಕ್ಲಿಯಾದಲ್ಲಿ ಸದ್ದು ನರಸಂಕೇತವಾಗುತ್ತದೆ. ಒಂದು ಕಿವಿಯಲ್ಲಿ ಸುಮಾರು 12,000 ಹೊರ ರೋಮಕೋಶಗಳೂ 3,500 ಒಳ ರೋಮಕೋಶಗಳೂ ಇವೆ. ಹೊರಗಿನವು ತಾವೇ ಹಿಗ್ಗಿ ಕುಗ್ಗಿ ಸಣ್ಣ ಸದ್ದಿಗೆ ಬಲ ತುಂಬುತ್ತವೆ. ಒಳಗಿನವು ಕಂಪನವನ್ನು ಸಂಕೇತವಾಗಿಸಿ, ಸುಮಾರು 30,000 ತಂತುಗಳಿರುವ ಶ್ರವಣನರಕ್ಕೆ ದಾಟಿಸುತ್ತವೆ. ಮೇಲಿನ ಸ್ಥಾಯಿಯ ಸದ್ದಿಗೆ ಕಾಕ್ಲಿಯಾದ ಬುಡ ಸ್ಪಂದಿಸಿದರೆ ತಗ್ಗಿನ ಸ್ಥಾಯಿಗೆ ತುದಿ ಸ್ಪಂದಿಸುತ್ತದೆ. ಕಾಕ್ಲಿಯಾದಲ್ಲಿ ಸದ್ದಿನ ಅಲೆ ಸಾಗುವ ಬಗೆಯನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೆಶಿಗೆ 1961ರ ನೊಬೆಲ್ ಪಾರಿತೋಷಕ ಸಂದಿತು. ಈ ಸ್ಥಾಯಿಯ ಅನುಕ್ರಮ ಮಿದುಳಿನ ತೊಗಟೆಯವರೆಗೂ ಕೆಡದೆ ಸಾಗುತ್ತದೆ.

ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. ವಯಸ್ಸಾದಂತೆ ಮೊದಲು ಸವೆಯುವುದು ಬುಡದ ಕಡೆಯ ಕೋಶಗಳು. ಹೀಗಾಗಿ ಮೇಲಿನ ಸ್ಥಾಯಿಯ ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ ಸ್ವರಗಳು ಮಾತ್ರ ಗಟ್ಟಿಯಾಗಿ ಕೇಳುತ್ತವೆ. “ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ” ಎಂದು ವಯಸ್ಸಾದವರು ಹೇಳುವುದು ಇದನ್ನೇ. ಅವರೆದುರು ಕಿರುಚುವುದರಿಂದ ಸ್ವರಗಳು ಇನ್ನಷ್ಟು ಜೋರಾಗುತ್ತವೆಯೇ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಮುಖ ಕಾಣುವಂತೆ ಕುಳಿತು ನಿಧಾನವಾಗಿ ಮಾತನಾಡುವುದೇ ಸರಿಯಾದ ಕ್ರಮ.

ಶ್ರವಣನರ ಮಿದುಳುಕಾಂಡವನ್ನು ಸೇರಿದ ಮೇಲೆ ಸಂಕೇತ ಹಲವು ನಿಲ್ದಾಣಗಳನ್ನು ದಾಟಿ ಥಲಾಮಸ್ ಮುಟ್ಟಿ, ಕಿವಿಯ ಮೇಲ್ಭಾಗಕ್ಕೆ ಹೊಂದಿರುವ ಟೆಂಪೊರಲ್ ಪಾಲಿಯಲ್ಲಿ ಕೊನೆಗೊಳ್ಳುತ್ತದೆ. ಆರಂಭದ ಘಟ್ಟಗಳಲ್ಲೇ ಎರಡೂ ಕಿವಿಗಳ ಸುದ್ದಿ ಒಂದೆಡೆ ಸೇರುತ್ತದೆ. ಅವುಗಳ ನಡುವಿನ ಅತ್ಯಲ್ಪ ಕಾಲವ್ಯತ್ಯಾಸದಿಂದ ಸದ್ದು ಯಾವ ದಿಕ್ಕಿನದೆಂದು ತಿಳಿಯುತ್ತದೆ. ಮುಂದೆ ಪ್ರತಿ ಕಿವಿಯ ಸಂಕೇತವೂ ಮಿದುಳಿನ ಎರಡೂ ಬದಿಗೆ ಹೋಗುವುದರಿಂದ ಮಿದುಳಿನ ಒಂದು ಬದಿಗೆ ಪೆಟ್ಟಾದರೆ ಒಂದು ಕಿವಿ ಕಿವುಡಾಗುವುದಿಲ್ಲ. ಒಂದೇ ಕಿವಿ ಮಂದವಾಗಿ ಅದರಲ್ಲಿ ಮೊರೆತವೂ ಇದ್ದರೆ ವೈದ್ಯರು ಕಾರಣವನ್ನು ಆ ಬದಿಯ ಕಿವಿಯಲ್ಲಿ ಅಥವಾ ನರದಲ್ಲಿ ಹುಡುಕುತ್ತಾರೆ. ನರದ ಮೇಲೆ ಬೆಳೆಯುವ ಗಡ್ಡೆಯೂ ಅಂಥ ಕಾರಣಗಳಲ್ಲಿ ಒಂದು.

ಆಡಿಟರಿ ನ್ಯೂರೋಪತಿ ಬಹುಕಾಲ ವೈದ್ಯರನ್ನೂ ಕಂಗೆಡಿಸಿದ ದೋಷ. ಇದರಲ್ಲಿ ರೋಮಕೋಶಗಳಿಂದ ನರಕ್ಕೆ ಸಂಕೇತ ದಾಟುವುದು, ಇಲ್ಲವೇ ನರದಲ್ಲಿ ಅದು ತಾಳತಪ್ಪದೆ ಸಾಗುವುದು ಕೆಡುತ್ತದೆ. ಸದ್ದು ಮಿದುಳನ್ನು ತಲಪಿದರೂ ಚೆದುರಿ ತಲಪುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಪಿಸುದನಿಗೂ ತಿರುಗಿ ನೋಡುವವರು ತರಗತಿಯ ಗದ್ದಲದಲ್ಲಿ ಒಂದು ವಾಕ್ಯವನ್ನೂ ಹಿಡಿಯಲಾರರು. “ಬೇಕೆಂದಾಗ ಕೇಳಿಸುತ್ತದೆ, ಇಲ್ಲದಿದ್ದರೆ ನಾಟಕ” ಎಂಬ ಬೈಗುಳ ಇಂಥ ಮಕ್ಕಳಿಗೆ ಅನ್ಯಾಯವಾಗಿ ಬೀಳುತ್ತದೆ. ದೋಷವನ್ನು ಗುರುತಿಸಲು ಎರಡು ಪರೀಕ್ಷೆಗಳು ಒಟ್ಟಿಗೆ ಬೇಕಾಗುತ್ತವೆ. ಹೊರ ರೋಮಕೋಶಗಳು ತಾವೇ ಹೊರಡಿಸುವ ಕ್ಷೀಣ ಸದ್ದನ್ನು ಡೇವಿಡ್ ಕೆಂಪ್ 1978ರಲ್ಲಿ ವರದಿ ಮಾಡಿದರು. ಅದನ್ನು ಅಳೆಯುವ ಪರೀಕ್ಷೆಗೆ ಓಎಇ ಎಂದು ಹೆಸರು. ಸದ್ದಾದ 10 ಮಿಲಿಸೆಕೆಂಡುಗಳೊಳಗೆ ನರದಲ್ಲೂ ಮಿದುಳುಕಾಂಡದಲ್ಲೂ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸುವುದು ಎಬಿಆರ್. ಓಎಇ ಸರಿಯಿದ್ದು ಎಬಿಆರ್ ಅಲೆಗಳು ಕಾಣೆಯಾಗಿದ್ದರೆ ಕಾಕ್ಲಿಯಾದ ಹೊರ ರೋಮಕೋಶಗಳು ಕ್ಷೇಮ, ಮುಂದಿನ ಹಾದಿ ಕೆಟ್ಟಿದೆ ಎಂದರ್ಥ. ಆರ್ನಾಲ್ಡ್ ಸ್ಟಾರ್ ಮತ್ತು ಸಂಗಡಿಗರು 1996ರಲ್ಲಿ ಈ ದೋಷಕ್ಕೆ ಈಗಿನ ಹೆಸರು ಕೊಟ್ಟರು. ನವಜಾತ ಶಿಶುವಿನ ತೀವ್ರ ಕಾಮಾಲೆ, ಹೆರಿಗೆಯ ಹೊತ್ತಿನ ಆಮ್ಲಜನಕದ ಕೊರತೆ, ಒಟೋಫರ್ಲಿನ್ ಎಂಬ ಪ್ರೋಟೀನಿನ ಜೀನ್‌ದೋಷ ಇದರ ಕಾರಣಗಳಲ್ಲಿ ಸೇರಿವೆ. ಓಎಇ ಒಂದನ್ನೇ ಮಾಡಿ “ಕಿವಿ ಚೆನ್ನಾಗಿದೆ” ಎಂದು ಕಳುಹಿಸಿದರೆ ಈ ಮಕ್ಕಳು ಕೈತಪ್ಪುತ್ತಾರೆ. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿದ್ದ ಪ್ರತಿ ಶಿಶುವಿಗೂ ಎಬಿಆರ್ ಆಗಲೇಬೇಕು. ಸದ್ದನ್ನು ದೊಡ್ಡದು ಮಾಡುವ ಸಾಮಾನ್ಯ ಶ್ರವಣಸಾಧನದಿಂದ ಇವರಲ್ಲಿ ಹಲವರಿಗೆ ಹೆಚ್ಚು ಪ್ರಯೋಜನವಾಗುವುದಿಲ್ಲ.

ಹುಟ್ಟುಕಿವುಡಿನಲ್ಲಿ ಮಿದುಳಿಗೆ ಕಾಲಮಿತಿಯೂ ಇದೆ. ಸದ್ದು ಬಾರದಿದ್ದರೆ ಶ್ರವಣಕ್ಕೆ ಮೀಸಲಾದ ತೊಗಟೆ ಬರಿದಾಗಿ ಕಾಯುತ್ತ ಕೂರುವುದಿಲ್ಲ. ದೃಷ್ಟಿ, ಸ್ಪರ್ಶಗಳು ಅದನ್ನು ಬಳಸತೊಡಗುತ್ತವೆ. ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೆಲ್ಬರ್ನಿನಲ್ಲಿ ಬಹುವಾಹಿನಿ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದರು. ಸತ್ತ ರೋಮಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ಪ್ರಚೋದಿಸುವ ಸಾಧನವದು. ಸುಮಾರು ಮೂರೂವರೆ ವರ್ಷದೊಳಗೆ ಅಳವಡಿಸಿದ ಮಕ್ಕಳಲ್ಲಿ ತೊಗಟೆಯ ಸ್ಪಂದನ ಬೇಗನೆ ಸಹಜ ಮಟ್ಟಕ್ಕೆ ಬರುತ್ತದೆ, ಏಳು ವರ್ಷ ದಾಟಿದ ಮೇಲೆ ಬಹುತೇಕ ಬರುವುದಿಲ್ಲ ಎಂಬುದನ್ನು ಅನು ಶರ್ಮ ಮತ್ತು ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿವೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವು ಎಂಬ ನಿಯಮ ರೂಢಿಗೆ ಬಂದಿರುವುದು ಇದೇ ಕಾರಣಕ್ಕೆ. “ಗಂಡುಮಕ್ಕಳಿಗೆ ಮಾತು ತಡ, ಕಾದು ನೋಡೋಣ” ಎಂಬ ಸಮಾಧಾನಕ್ಕೆ ತೆರುವ ಬೆಲೆ ದೊಡ್ಡದು. ಕರ್ನಾಟಕದಲ್ಲಿ ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳು ಮುಂದುವರಿದಿರುವುದು ಅನುವಂಶಿಕ ಕಿವುಡಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಜಿಜೆಬಿ2 ಜೀನಿನ ದೋಷ ಅಂಥ ಕಿವುಡಿನ ಮುಖ್ಯ ಕಾರಣಗಳಲ್ಲೊಂದು.

ಅಫೇಸಿಯಾ

ಮಿದುಳಿಗೆ ಹಾನಿಯಾಗಿ ಭಾಷೆಯ ಶಕ್ತಿ ಕೆಡುವುದು ಅಫೇಸಿಯಾ. ಮಿದುಳಿನಲ್ಲಿ ಭಾಷೆಗೆ ನೆಲೆಯುಂಟು ಎಂಬ ವಿಚಾರ ಗಟ್ಟಿಗೊಂಡದ್ದು 1861ರಲ್ಲಿ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ 21 ವರ್ಷಗಳಿಂದ ಇದ್ದ ಲೆಬೋರ್ನ್ ಎಂಬ ರೋಗಿ ಏನು ಕೇಳಿದರೂ “ತಾಂ” ಎಂಬ ಒಂದೇ ಅಕ್ಷರವನ್ನು ಹೇಳುತ್ತಿದ್ದ. ಕೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಸಂಖ್ಯೆಗಳನ್ನು ಬೆರಳಿನಿಂದ ತೋರಿಸುತ್ತಿದ್ದ, ದನಿಯ ಏರಿಳಿತದಿಂದ ಸಿಟ್ಟನ್ನೂ ತಿಳಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಶಸ್ತ್ರವೈದ್ಯ ಪಾಲ್ ಬ್ರೊಕಾ ಮಿದುಳನ್ನು ಪರೀಕ್ಷಿಸಿ, ಎಡ ಅರ್ಧಗೋಳದ ಮುಂಭಾಗದ ಕೆಳ ಅಂಚಿನಲ್ಲಿ ಹಾನಿಯನ್ನು ಕಂಡ. ಇನ್ನಷ್ಟು ರೋಗಿಗಳನ್ನು ನೋಡಿ 1865ರಲ್ಲಿ ಮಾತಿನ ಹೊಣೆ ಎಡ ಅರ್ಧಗೋಳದ್ದೆಂದು ಬರೆದ. ಲೆಬೋರ್ನನ ಮಿದುಳನ್ನು ಇಡಿಯಾಗಿ ಕಾಪಿಡಲಾಗಿದೆ. ನೀನಾ ಡ್ರಾಂಕರ್ಸ್ ತಂಡ ಅದರ ಎಂಆರ್‌ಐ ಚಿತ್ರಗಳನ್ನು 2007ರಲ್ಲಿ ಪ್ರಕಟಿಸಿದಾಗ, ಹಾನಿ ಬ್ರೊಕಾ ಕಂಡ ಮೇಲ್ಮೈಯಲ್ಲಿ ನಿಂತಿರದೆ ಆಳದ ನಾರುಕಟ್ಟುಗಳವರೆಗೂ ಇಳಿದಿದ್ದು ತಿಳಿಯಿತು. ಒಂದು ಶಕ್ತಿಗೆ ಒಂದು ಚುಕ್ಕೆ ಎಂದು ನಕ್ಷೆ ಬರೆಯುವ ಆಸೆಗೆ ಇದು ಸರಿಯಾದ ತಿದ್ದುಪಡಿ.

ಬ್ರೆಸ್ಲೌ ನಗರದ ಕಾರ್ಲ್ ವೆರ್ನಿಕೆ 1874ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಬೇರೊಂದು ಬಗೆಯನ್ನು ವಿವರಿಸಿದ. ಹಾನಿ ಎಡ ಟೆಂಪೊರಲ್ ಪಾಲಿಯ ಹಿಂಭಾಗದಲ್ಲಿದ್ದರೆ ಮಾತು ನಿಲ್ಲುವುದಿಲ್ಲ. ಲಯ, ಏರಿಳಿತ, ವೇಗ ಎಲ್ಲ ಇರುತ್ತವೆ. ಅರ್ಥ ಮಾತ್ರ ಇರುವುದಿಲ್ಲ. ಪದಗಳು ಅದಲುಬದಲಾಗುತ್ತವೆ, ಇಲ್ಲದ ಪದಗಳು ಹುಟ್ಟುತ್ತವೆ, ಪರರ ಮಾತೂ ಅರ್ಥವಾಗುವುದಿಲ್ಲ. ಕೈಕಾಲು ಸರಿಯಾಗಿಯೇ ಆಡುತ್ತಿರುವ ಇಂಥ ರೋಗಿಯನ್ನು ಮನೆಯವರು ಪಾರ್ಶ್ವವಾಯುವೆಂದು ತಿಳಿಯದೆ, ತಲೆ ಕೆಟ್ಟಿದೆಯೆಂದು ಬಗೆಯುವ ಅಪಾಯವಿದೆ. ಈ ಎರಡು ಕ್ಷೇತ್ರಗಳನ್ನು ಬೆಸೆಯುವ ನಾರುಗಳು ಕಡಿದರೆ ಅರ್ಥಗ್ರಹಿಕೆಯೂ ನಿರರ್ಗಳತೆಯೂ ಉಳಿದು, ಕೇಳಿದ ಮಾತನ್ನು ಮರಳಿ ನುಡಿಯುವುದು ಮಾತ್ರ ಕೆಡುತ್ತದೆ ಎಂದು ಹಳೆಯ ನಕ್ಷೆ ಹೇಳುತ್ತದೆ. ಈಗಿನ ತಿಳಿವಳಿಕೆಯಲ್ಲಿ ಭಾಷೆಗೆ ಎರಡು ಹೊಳೆಗಳಿವೆ: ಸದ್ದಿನಿಂದ ಅರ್ಥದ ಕಡೆಗೆ ಹೋಗುವ ಕೆಳಹಾದಿ, ಸದ್ದಿನಿಂದ ಉಚ್ಚಾರದ ಕಡೆಗೆ ಹೋಗುವ ಮೇಲ್ಹಾದಿ. ಗ್ರೆಗರಿ ಹಿಕಾಕ್ ಮತ್ತು ಡೇವಿಡ್ ಪಾಪೆಲ್ ಈ ವಿವರಣೆಗೆ ರೂಪಕೊಟ್ಟರು.

ಅಫೇಸಿಯಾದ ಮುಖ್ಯ ಕಾರಣ ಪಾರ್ಶ್ವವಾಯು. ಅದಕ್ಕೆ ತುತ್ತಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಅಫೇಸಿಯಾ ಉಂಟಾಗುತ್ತದೆ. ಬಲಗೈ ಬಳಸುವವರಲ್ಲಿ ಸುಮಾರು 95 ಪ್ರತಿಶತ ಮಂದಿಗೆ ಭಾಷೆ ಎಡ ಅರ್ಧಗೋಳದ್ದಾದ್ದರಿಂದ ಬಲಗೈ, ಬಲಗಾಲಿನ ಲಕ್ವದ ಜೊತೆ ಮಾತೂ ಹೋಗುವುದು ಹೆಚ್ಚು. ಮಾತು ದಿಢೀರನೆ ತೊದಲಿದರೆ ಅಥವಾ ನಿಂತರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದಿಗೆ ಇರುವ ಸಾಮಾನ್ಯ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಕನ್ನಡದಲ್ಲಿ ಬ್ರೊಕಾ ಬಗೆಯ ಅಫೇಸಿಯಾ ತನ್ನದೇ ಚಹರೆ ತಾಳುತ್ತದೆ. “ನಿನ್ನೆ ಪೇಟೆಗೆ ಹೋಗಿ ತರಕಾರಿ ತಂದೆ” ಎನ್ನಬೇಕಾದವರು “ನಿನ್ನೆ... ಪೇಟೆ... ತರಕಾರಿ” ಎಂದು ನಿಲ್ಲಬಹುದು. ಆದರೆ ನಮ್ಮ ಕ್ರಿಯಾಪದಕ್ಕೆ ಕಾಲ, ಲಿಂಗ, ವಚನದ ಪ್ರತ್ಯಯ ಅಂಟಿಯೇ ಬರಬೇಕು. ಆದ್ದರಿಂದ ಪ್ರತ್ಯಯ ಬಿಟ್ಟುಹೋಗುವುದರ ಜೊತೆಗೆ ತಪ್ಪು ಪ್ರತ್ಯಯ ಬಂದು ಕೂರುವುದನ್ನೂ ಪರೀಕ್ಷಕರು ಗಮನಿಸಬೇಕು. ಇಂಗ್ಲಿಷಿನ ಅಳತೆಗೋಲನ್ನು ಹಾಗೆಯೇ ತಂದರೆ ಈ ತಪ್ಪುಗಳು ಲೆಕ್ಕಕ್ಕೆ ಬರುವುದಿಲ್ಲ. ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯನ್ನು ಕನ್ನಡಕ್ಕೆ ಅಳವಡಿಸಿಕೊಂಡಿರುವುದು ಇಂಥ ಅಗತ್ಯದಿಂದ.

ಮಾತು ಹೋದವರಲ್ಲೂ ಒಂದರಿಂದ ಹತ್ತರವರೆಗಿನ ಎಣಿಕೆ, ಬಾಯಿಪಾಠದ ಪ್ರಾರ್ಥನೆ, ಬೈಗುಳ, ಹಾಡು ಕೆಲವೊಮ್ಮೆ ಅಡಚಣೆಯಿಲ್ಲದೆ ಹೊರಬರುತ್ತವೆ. ರಾಗದಿಂದ ಮಾತಿಗೆ ಮರಳಿಸುವ ಚಿಕಿತ್ಸೆಯೊಂದು 1973ರಲ್ಲಿ ಬಾಸ್ಟನ್ನಿನಲ್ಲಿ ರೂಪುಗೊಂಡಿತು. ಇನ್ನೊಂದು ಸಂಗತಿ ಇದಕ್ಕಿಂತ ಆಳದ್ದು. ಹುಟ್ಟಿನಿಂದ ಸನ್ನೆಭಾಷೆ ಬಳಸುವ ಕಿವುಡರ ಎಡ ಅರ್ಧಗೋಳಕ್ಕೆ ಹಾನಿಯಾದರೆ ಅವರ ಸನ್ನೆಗಳಲ್ಲಿ ಅಫೇಸಿಯಾ ಕಾಣಿಸುತ್ತದೆ. ಬಲಬದಿಗೆ ಹಾನಿಯಾದರೆ ಸನ್ನೆಭಾಷೆ ಬಹುಮಟ್ಟಿಗೆ ಉಳಿಯುತ್ತದೆ. ಉರ್ಸುಲಾ ಬೆಲ್ಲುಗಿ ಮತ್ತು ಸಂಗಡಿಗರು ಇದನ್ನು ವಿವರವಾಗಿ ದಾಖಲಿಸಿದರು. ಎಡ ಅರ್ಧಗೋಳದ ಒಲವು ಭಾಷೆಯ ಕಡೆಗಿದೆ, ಅದು ದನಿಯಲ್ಲಿ ಬಂದರೂ ಸರಿ, ಕೈಯಲ್ಲಿ ಬಂದರೂ ಸರಿ. ಸನ್ನೆಭಾಷೆಯನ್ನು ಕೈಬಾಯಿ ಸನ್ನೆಯೆಂದು ಹಗುರ ಮಾಡುವುದಕ್ಕೆ ಮಿದುಳಿನಲ್ಲಿ ಆಧಾರವಿಲ್ಲ.

ಉಚ್ಚಾರ ಮತ್ತು ಲಯ

ಭಾಷೆ ಸರಿಯಿದ್ದು ಸ್ನಾಯುಗಳ ಮೇಲಿನ ನರದ ಹಿಡಿತ ಕೆಟ್ಟರೆ ಡಿಸಾರ್ಥ್ರಿಯಾ. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ತಗ್ಗಿ ಏಕತಾನವಾಗುತ್ತದೆ. ಕಿರುಮಿದುಳು ಕೆಟ್ಟರೆ ಮಾತು ಕುಡಿದವರಂತೆ ತಡವರಿಸುತ್ತದೆ. ಸ್ನಾಯುಗಳಲ್ಲಿ ಬಲವಿದ್ದೂ ಚಲನೆಗಳ ಯೋಜನೆ ತಪ್ಪುವುದು ಅಪ್ರಾಕ್ಸಿಯಾ. ಲಂಡನ್ನಿನ ಒಂದು ಕುಟುಂಬದ ಮೂರು ತಲೆಮಾರುಗಳಲ್ಲಿ ಇಂಥ ದೋಷವಿತ್ತು; 2001ರಲ್ಲಿ ಅದರ ಮೂಲ ಫಾಕ್ಸ್‌ಪಿ2 ಜೀನಿನಲ್ಲಿ ಪತ್ತೆಯಾಯಿತು. ಧ್ವನಿಪೆಟ್ಟಿಗೆಯ ಎಡಬದಿಯ ನರ ಎದೆಗಿಳಿದು ಮಹಾಧಮನಿಯನ್ನು ಬಳಸಿ ಮತ್ತೆ ಮೇಲೇರುತ್ತದೆ. ಆದಕಾರಣ ಶ್ವಾಸಕೋಶದ ಗಡ್ಡೆ ಅಥವಾ ಹೃದಯದ ಹಿಗ್ಗುವಿಕೆ ಮೊದಲು ಗೊಗ್ಗರು ದನಿಯಾಗಿ ಕಾಣಿಸಿಕೊಳ್ಳಬಹುದು. ವಾರಗಟ್ಟಲೆ ದನಿ ಒಡೆದಿದ್ದರೆ ಗಂಟಲನ್ನು ಪರೀಕ್ಷಿಸಿ ಸುಮ್ಮನಾಗುವಂತಿಲ್ಲ.

ಉಗ್ಗು ಎಳೆಯ ಮಕ್ಕಳಲ್ಲಿ ಸುಮಾರು 5 ಪ್ರತಿಶತದಷ್ಟು ಕಾಣಿಸಿಕೊಂಡರೂ ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ಸುಮಾರು 1 ಪ್ರತಿಶತ. ಹೆದರಿಕೆ ಇದರ ಮೂಲವಲ್ಲ. ಚಲನೆಯ ಆರಂಭ ಮತ್ತು ಲಯವನ್ನು ನೋಡಿಕೊಳ್ಳುವ ಬೇಸಲ್ ಗ್ಯಾಂಗ್ಲಿಯಾ, ಅದನ್ನು ತೊಗಟೆಗೆ ಬೆಸೆಯುವ ನಾರುಗಳು, ಕೆಲವು ಜೀನುಗಳು ಇದರಲ್ಲಿ ಪಾಲುಗೊಂಡಿವೆ. ಹಾಡುವಾಗ, ಇತರರ ಜೊತೆ ದನಿಗೂಡಿಸಿ ಓದುವಾಗ ಉಗ್ಗು ಸಾಮಾನ್ಯವಾಗಿ ಮಾಯವಾಗುವುದು ಲಯದ ಈ ಪಾತ್ರವನ್ನೇ ಸೂಚಿಸುತ್ತದೆ. ನಾಟಕದಲ್ಲೂ ಸಿನಿಮಾದಲ್ಲೂ ಉಗ್ಗುವವರನ್ನು ನಗೆಪಾತ್ರವಾಗಿಸುವ ಚಾಳಿಯಿಂದ ಮಕ್ಕಳು ಬಾಯಿ ತೆರೆಯಲೇ ಅಂಜುತ್ತಾರೆ.

ಕರ್ನಾಟಕದಲ್ಲಿ

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಕೇಂದ್ರ. ಮಾನಸಗಂಗೋತ್ರಿಯಲ್ಲಿರುವ ಇದು ವಾಕ್ ಚಿಕಿತ್ಸಕರನ್ನೂ ಶ್ರವಣ ತಜ್ಞರನ್ನೂ ತಯಾರು ಮಾಡುತ್ತದೆ. ಆಡಿಟರಿ ನ್ಯೂರೋಪತಿಯ ಬಗ್ಗೆ ಇಲ್ಲಿ ಗಣನೀಯ ಸಂಶೋಧನೆ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಶ್ರವಣ ವಿಭಾಗವಿದೆ.

ಮನೆಯಲ್ಲಿ ತುಳು, ಕೊಂಕಣಿ ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಬಳಸುವವರಿಗೆ ಅಫೇಸಿಯಾ ಆದರೆ ಯಾವ ಭಾಷೆ ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂಬುದು 19ನೆಯ ಶತಮಾನದಲ್ಲಿ ರಿಬೋ ಕೊಟ್ಟ ಉತ್ತರ. ಹೆಚ್ಚು ಬಳಸುತ್ತಿದ್ದುದು ಎಂದು 1895ರಲ್ಲಿ ಪಿತ್ರ್ ವಾದಿಸಿದ. ವಾಸ್ತವದಲ್ಲಿ ಅನೇಕರಲ್ಲಿ ಎಲ್ಲ ಭಾಷೆಗಳೂ ಜೊತೆಜೊತೆಗೆ ಚೇತರಿಸಿಕೊಳ್ಳುತ್ತವೆ, ಉಳಿದವರಲ್ಲಿ ಒಂದು ಮುಂದಾಗಿ ಇನ್ನೊಂದು ಹಿಂದೆ ಬೀಳುತ್ತದೆ. ಒಂದೇ ಭಾಷೆಯಲ್ಲಿ ಪರೀಕ್ಷಿಸಿ ತೀರ್ಪು ಕೊಡುವುದು ನಮ್ಮ ನಾಡಿಗೆ ಒಗ್ಗದು. ಹೈದರಾಬಾದಿನ 608 ಪಾರ್ಶ್ವವಾಯು ರೋಗಿಗಳನ್ನು ಕುರಿತು ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಚನಾಶಕ್ತಿ ಕೆಡದೆ ಉಳಿದವರ ಪ್ರಮಾಣ ದ್ವಿಭಾಷಿಕರಲ್ಲಿ ಸುಮಾರು 40 ಪ್ರತಿಶತ, ಏಕಭಾಷಿಕರಲ್ಲಿ ಸುಮಾರು 20 ಪ್ರತಿಶತ ಇತ್ತು. ಅಫೇಸಿಯಾದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ಪಾರ್ಶ್ವವಾಯುವಿನ ರೋಗಿ ಕೈಯೆತ್ತಿ ನಡೆದಾಡಿದೊಡನೆ ಗುಣವಾಯಿತೆಂದು ಮನೆಗೆ ಕರೆದೊಯ್ಯುವುದು ರೂಢಿ. ಮಾತಿನ ಚಿಕಿತ್ಸೆ ಆಗಿನ್ನೂ ಶುರುವಾಗಿರುವುದಿಲ್ಲ, ಸಣ್ಣ ಊರುಗಳಲ್ಲಿ ಚಿಕಿತ್ಸಕರೂ ಸಿಗುವುದಿಲ್ಲ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಶ್ರವಣದೋಷ ಇತ್ತು, ವಾಕ್ ದೋಷಕ್ಕೆ ಪ್ರತ್ಯೇಕ ಸ್ಥಾನ ಇರಲಿಲ್ಲ. 2016ರ ಕಾಯ್ದೆ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವನ್ನೂ ಸೇರಿಸಿ, ಅಫೇಸಿಯಾವನ್ನು ಹೆಸರಿಸಿ, ಅದರ ಕಾರಣ ನರಸಂಬಂಧಿಯೂ ಆಗಿರಬಹುದೆಂದು ದಾಖಲಿಸಿತು.