ದೀಪದ ಬುಡದ ಕೇರಿ

ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನಕ್ಕೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ನೆಪ ಊಟದ್ದು, ಆಸೆ ಕನ್ನಡ ಕಿವಿಗೆ ಬೀಳಲೆಂದು. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಹೊಸ ಕಟ್ಟಡದ ಹೆಸರು ‘ಕಾವೇರಿ’. ಸಂಜೆ ಅದರ ದೀಪಗಳು ಹತ್ತಿಕೊಂಡಾಗಲೆಲ್ಲ ನನಗೊಂದು ಲೆಕ್ಕ ನೆನಪಾಗುತ್ತದೆ: ಕಾವೇರಿಯ ನೀರಿನಲ್ಲಿ ಹುಟ್ಟಿದ ಕರೆಂಟು ನಮ್ಮ ಮನೆ ಮುಟ್ಟಲು ಎಷ್ಟು ವರ್ಷ ಹಿಡಿಯಿತು?

ನಮ್ಮೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು. ಶಿವನಸಮುದ್ರದ ವಿದ್ಯುದಾಗಾರ, ನಮ್ಮ ಕಡೆಯವರ ಬಾಯಲ್ಲಿ ‘ಬ್ಲಫ್’, ಅಲ್ಲಿಂದ ದೂರವೇನಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಆ ಯೋಜನೆಯಿಂದ 1902ರಲ್ಲಿ ಕರೆಂಟು ಹರಿಯಿತು. ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿಗೆ ಕರೆಂಟು ಬೇಕಿತ್ತು, ಕೊಳ್ಳಲು ಹಣವೂ ಇತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ತಂತಿಯ ಕೆಳಗೆ ರಾಗಿ ಕುಯ್ಯುತ್ತಿದ್ದವರು ಕತ್ತಲಾದ ಮೇಲೆ ಬುಡ್ಡಿ ಹಚ್ಚಿಕೊಂಡೇ ಉಂಡರು.

ಹಳ್ಳಿಗಳ ಸರದಿ ಬಂದದ್ದು ಸ್ವಾತಂತ್ರ್ಯದ ನಂತರ. ಅರವತ್ತರ ದಶಕದ ಬರಗಾಲ ಅಕ್ಕಿ, ಗೋಧಿಯ ಚಿಂತೆ ಹತ್ತಿಸಿತ್ತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಇದೇ ದೆಹಲಿಯಲ್ಲಿ ಹುಟ್ಟಿತು. ಮೊದಲ ಆದ್ಯತೆ ನೀರಾವರಿ ಪಂಪ್‌ಸೆಟ್ಟಿಗೆ. ಆಗಿನ ಸರ್ಕಾರಿ ವ್ಯಾಖ್ಯೆಯೂ ಅದಕ್ಕೆ ತಕ್ಕಂತಿತ್ತು: ಕಂದಾಯ ಗ್ರಾಮದ ಎಲ್ಲೆಯೊಳಗೆ ಯಾವುದೇ ಕೆಲಸಕ್ಕೆ ಕರೆಂಟು ಬಳಕೆಯಾದರೆ ಸಾಕು, ಆ ಹಳ್ಳಿ ‘ವಿದ್ಯುದೀಕೃತ’. ಯಾರದೋ ಗದ್ದೆಯಲ್ಲಿ ಒಂದು ಮೋಟಾರು ಓಡಿದರೆ ಇಡೀ ಊರಿಗೆ ಬೆಳಕು ಬಂದ ಲೆಕ್ಕ. 1997ರವರೆಗೂ ಅದೇ ನಡೆಯಿತು.

ನಮ್ಮೂರೂ ಹಾಗೆಯೇ ಪಟ್ಟಿ ಸೇರಿತ್ತು. ಕಂಬಗಳು ಮೇಲಿನ ಬೀದಿಯವರೆಗೆ ಬಂದು ನಿಂತಿದ್ದವು. ಹೊಲಗೇರಿಯಲ್ಲಿದ್ದ ನಮ್ಮ ಮನೆ ಅಲ್ಲಿಂದ ಕೂಗಳತೆಯ ದೂರ.

ಹಾಗಂತ ಆ ಕರೆಂಟಿನಿಂದ ನಮಗೇನೂ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಮೇಲಿನ ಬೀದಿಗೆ ಹಿಟ್ಟಿನ ಮಿಲ್ಲು ಬಂತು. ಅದಕ್ಕೆ ಮುಂಚೆ ಅವ್ವ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿ, ಆಮೇಲೆ ಕೂಲಿಗೆ ಹೋಗುತ್ತಿದ್ದಳು. ಮಿಲ್ಲು ಬಂದ ಮೇಲೆ ಆ ನಿದ್ದೆ ಅವಳಿಗೆ ಉಳಿಯಿತು. ಪಂಪ್‌ಸೆಟ್ಟಿದ್ದವರ ಹೊಲದಲ್ಲಿ ಬೇಸಿಗೆಯಲ್ಲೂ ಕೂಲಿ ಸಿಕ್ಕಿತು. ಆದರೆ ಎರಡನೆಯ ಬೆಳೆ ಅವರದು, ಎರಡನೆಯ ಕೂಲಿ ನಮ್ಮದು. ಜಮೀನಿದ್ದವರಿಗೂ ಇಲ್ಲದವರಿಗೂ ನಡುವಿದ್ದ ಅಂತರವನ್ನು ಅದೇ ಕರೆಂಟು ಇನ್ನಷ್ಟು ಹಿಗ್ಗಿಸಿತು.

ಬಡವರ ಮನೆಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆಯಲ್ಲಿ ನಮಗೆ ದೀಪ ಬಂದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ಆರಂಭದಲ್ಲಿ. ಶಿವನಸಮುದ್ರದ ಕರೆಂಟು ಹುಟ್ಟಿ ಹತ್ತಿರ ಹತ್ತಿರ ತೊಂಬತ್ತು ವರ್ಷ! ಅದರ ಕೆಳಗೆ ಕೂತು ನಾನು ಓದಿದೆ. ಆದರೆ ಬಲ್ಬೇ ನನ್ನನ್ನು ದೆಹಲಿಗೆ ತಂದಿತು ಎಂದು ಹೇಳಲಾರೆ. ಸರ್ಕಾರಿ ಹಾಸ್ಟೆಲ್ಲಿನ ಊಟ, ಪೇಟೆಗೆ ಬಸ್ಸು, ಪಾಠ ಮಾಡುವ ಮೇಷ್ಟ್ರು, ಇವೆಲ್ಲ ಜೊತೆಗಿದ್ದವು.

ನನ್ನ ಅನುಮಾನಕ್ಕೆ ಅಧ್ಯಯನದ ಬೆಂಬಲವೂ ಇದೆ. 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯ ಪರಿಣಾಮವನ್ನು ಫಿಯೋನಾ ಬರ್ಲಿಗ್ ಮತ್ತು ಲೂಯಿ ಪ್ರಿಯೋನಾಸ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಮುನ್ನೂರರ ಆಸುಪಾಸಿನ ಜನಸಂಖ್ಯೆಯ ಸಣ್ಣ ಹಳ್ಳಿಗಳಲ್ಲಿ ಕರೆಂಟಿನ ಬಳಕೆ ಹೆಚ್ಚಿತು, ಆದಾಯ ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ದೊಡ್ಡ ಹಳ್ಳಿಗಳಲ್ಲಿ ಲಾಭ ಹೆಚ್ಚು ಕಂಡಿತು. ಕರೆಂಟನ್ನು ದುಡಿಮೆಗೆ ಹಚ್ಚಲು ಕೈಯಲ್ಲಿ ಏನಾದರೂ ಇರಬೇಕು: ಜಮೀನು, ಯಂತ್ರ, ಸಾಲ, ಸಂತೆ. ಏನೂ ಇಲ್ಲದವನ ಮನೆಯಲ್ಲಿ ಅದು ಬರೀ ಬೆಳಕು. ಬೆಳಕೂ ಸಣ್ಣದಲ್ಲ, ಆದರೆ ಬೆಳಕೇ ಬದುಕಲ್ಲ.

2004ರಲ್ಲಿ ವ್ಯಾಖ್ಯೆ ಮತ್ತೆ ಬದಲಾಯಿತು. ಶಾಲೆ, ಪಂಚಾಯಿತಿಗೆ ಕರೆಂಟು, ಕನಿಷ್ಠ ನೂರಕ್ಕೆ ಹತ್ತು ಮನೆಗಳಿಗೆ ಸಂಪರ್ಕ, ಜೊತೆಗೆ ದಲಿತ ಕೇರಿಗೂ ತಂತಿ ತಲುಪಿರಬೇಕು ಎಂದು ಬರೆದರು. ಆ ಸಾಲನ್ನು ಮೊದಲು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮಂಥ ಕೇರಿಗಳನ್ನು ಬಿಟ್ಟೇ ಊರನ್ನು ಎಣಿಸುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೆ? 2018ರ ಏಪ್ರಿಲ್ 28ರಂದು ಮಣಿಪುರದ ಲೇಯಿಸಾಂಗ್ ತಲುಪಿ ದೇಶದ ಕೊನೆಯ ಹಳ್ಳಿಗೂ ಕರೆಂಟು ಬಂತೆಂದು ಘೋಷಿಸಿದಾಗಲೂ, ಲೆಕ್ಕ ಹಳ್ಳಿಯದಾಗಿತ್ತು. ಮನೆಗಳ ಲೆಕ್ಕಕ್ಕೆ ‘ಸೌಭಾಗ್ಯ’ ಎಂಬ ಇನ್ನೊಂದು ಯೋಜನೆ ಬೇಕಾಯಿತು.

ಮುಂದಿನ ಸಲ ಊರಿಗೆ ಹೋದಾಗ ನೀವೂ ಹಿರಿಯರನ್ನು ಕೇಳಿ ನೋಡಿ. ‘ನಮ್ಮೂರಿಗೆ ಕರೆಂಟು ಬಂದದ್ದು ಯಾವಾಗ’ ಎಂದು ಕೇಳಬೇಡಿ. ‘ಕೊನೆಯ ಮನೆಗೆ ಬಂದದ್ದು ಯಾವಾಗ’ ಎಂದು ಕೇಳಿ. ಎರಡು ಇಸವಿಗಳ ನಡುವಿನ ಅಂತರವೇ ನಿಮ್ಮೂರಿನ ಚರಿತ್ರೆ.